ಮೈದಾನಕ್ಕೆ ಬಿಟ್ಟ ನೆರಳು

ಆ ಬೆಳಿಗ್ಗೆ ಮೋಡ ಸರಿದು, ದೇವರ ದಯೆಯಿಂದ, ಒಳ್ಳೆಯ ಬಿಸಿಲು ಬಿದ್ದಿತ್ತು. ನೆರಳಿಲ್ಲದೆ ಕೋಚ್ ಆಯ್ಕೆ ನಡೆಯುವುದುಂಟೇ? ಬಾಯಿ ಏನು ಬೇಕಾದರೂ ಹೇಳೀತು, ನೆರಳು ಕಲಿತದ್ದನ್ನಷ್ಟೇ ಆಡುತ್ತದೆ.

ಕೋಚ್ ಕೆಲಸ ಕೇಳಿ ಬಂದಿದ್ದ ಕಾಲೇಜಿನ ಹಳೆಯ ವಿದ್ಯಾರ್ಥಿ ಲ್ಯಾನ್ಸಿ ನೆರಳನ್ನು ಫುಟ್‌ಬಾಲ್ ಮೈದಾನಕ್ಕೆ ಬಿಟ್ಟ. ಅದು ಚೆಂಡು ಆಡಿಸಿದ ಚಂದಕ್ಕೆ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲ್ ಫಿಲೋಮಿನಾ ಮೇಡಂಗೆ ಮಾತ್ರ ಏನೋ ಸರಿಬರಲಿಲ್ಲ. ಒಳಗೆ ಕಾಲಿಡುವ ಮುಂಚೆ ಆ ನೆರಳು ಬಗ್ಗಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಿತ್ತು.

"ನೆರಳು ನಿನ್ನದೇ ತಾನೇ, ಲ್ಯಾನ್ಸಿ?"

"ಮತ್ತೆ ಯಾರದ್ದು ಮೇಡಂ?"

"ನೀನು ಈ ಮಣ್ಣಿಗೆ ಕೈಮುಗಿದದ್ದು ನಾನು ಕಂಡಿಲ್ಲ ಮಾರಾಯ. ಮುಗಿಯುವವರು ಮೋನಪ್ಪ ಮಾಸ್ಟ್ರು ಒಬ್ಬರೇ."

ನಿವೃತ್ತರಾಗಲಿದ್ದ ಕೋಚ್ ಮೋನಪ್ಪನವರು ಬೆಳಗಿನಿಂದ ಮರದಡಿ ಬಿಟ್ಟು ಬಿಸಿಲಿಗೆ ಬಂದಿರಲಿಲ್ಲ. ಕೆಲಸ ಕೈತಪ್ಪಿತೆಂದು ತಿಳಿದ ಲ್ಯಾನ್ಸಿ ಅಲ್ಲಿಗೆ ನಡೆದ. ಎರವಲು ತಂದಿದ್ದ ನೆರಳನ್ನು ಮಡಚಿ ಅವರ ಕೈಗಿಟ್ಟ.