ಹಿತ್ತಾಳೆ ಬೋಗುಣಿ

ಈಗಲೂ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ವಾಸನೆ ಬಂದರೆ, ನವಲಗುಂದದ ಕಡೆಯ ನಮ್ಮ ಹಳ್ಳಿಮನೆಯ ಆ ಮಧ್ಯಾಹ್ನ ಕಣ್ಣ ಮುಂದೆ ನಿಲ್ಲುತ್ತದೆ.

ಒಳಕೋಣೆಯಲ್ಲಿ ಅವ್ವನಿಗೆ ಬೆಳಗಿನಿಂದ ಹೆರಿಗೆ ನೋವು. ಸೂಲಗಿತ್ತಿ ಬಾಗಿಲು ಹಾಕಿಕೊಂಡಿದ್ದಳು. ಅಂಗಳದಲ್ಲಿ ತಾಯಿಕೋಳಿಯ ಕಾಲಡಿ ಸಿಕ್ಕ ಮರಿಯೊಂದು ಕತ್ತು ವಾಲಿಸಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಅಳುತ್ತಾ ನಮ್ಮಜ್ಜಿ ಆಯಿಯ ಬಳಿ ಓಡಿದೆ.

"ಅಳಬ್ಯಾಡ ಬೇ, ಸಪ್ಪಳಕ್ಕ ಜೀವ ತಿರುಗಿ ಬರ್ತೈತಿ," ಎಂದ ಆಯಿ, ಮರಿಯನ್ನು ನೆಲಕ್ಕಿಟ್ಟು, ಮೇಲೆ ಆಗಷ್ಟೇ ತಿಕ್ಕಿಟ್ಟಿದ್ದ ಹಿತ್ತಾಳೆ ಬೋಗುಣಿ ಬೋರಲು ಹಾಕಿ ಸೌಟಿನಿಂದ ಬಾರಿಸಿದಳು. ಬೋಗುಣಿ ಎತ್ತಿದಾಗ ಮರಿ ತೂರಾಡುತ್ತಾ ಎದ್ದು ನಿಂತಿತ್ತು. ಅದರ ಬೆಚ್ಚನೆಯ ತುಪ್ಪಳ ನನ್ನ ಅಂಗೈಯಲ್ಲಿ ನಡುಗಿತು.

ಅಷ್ಟರಲ್ಲಿ ಕೋಣೆಯ ಬಾಗಿಲು ತುಸು ತೆರೆಯಿತು. "ಕೂಸು ಅಳವಲ್ದರಿ! ಆ ಬೋಗುಣಿ ಲಗೂ ತರ್ರಿ," ಎಂದು ಸೂಲಗಿತ್ತಿ ಕೂಗಿದಳು. ಆಯಿ ಒಳಗೆ ಓಡಿದಳು.

ಬಾರಿಸುವ ಸದ್ದು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೇಳಿಸಿತು. ನನಗೆ ಹೆದರಿಕೆಯೇ ಇರಲಿಲ್ಲ, ಮರಿ ಎದ್ದಿತ್ತಲ್ಲ. ಬಹಳ ಹೊತ್ತಿನ ಮೇಲೆ ಸದ್ದು ನಿಂತಿತು; ಕೂಸಿನ ಅಳು ಮಾತ್ರ ಕೇಳಿಸಲಿಲ್ಲ. ನನ್ನ ಕೈಯಲ್ಲಿ ಮರಿ ಒಂದೇ ಸಮನೆ ಚೀಂವ್‌ಗುಟ್ಟುತ್ತಿತ್ತು.

ಆಯಿ ಹೊಸ್ತಿಲಿಗೆ ಬಂದು ನಿಂತಳು.

"ಅದನ್ನ ದೂರ ತಗೊಂಡ ಹೋಗ ಬೇ," ಎಂದಳು. "ನಿಮ್ಮವ್ವಗ ಕೇಳಸ್ತೈತಿ."