ಕಾವೇರಿ ಹಾಕಿದ ಹದ

ದುಂಡೇಶ ಕಬ್ಬು ಕಡಿಯುವ ಕೊಯ್ತಾವನ್ನು ಅಡಿಗಲ್ಲಿನ ಮೇಲೆ ಎಸೆದ. ಅವನ ಹುಬ್ಬು ಒಡೆದು ಅಂಗಿಯ ತುಂಬ ರಕ್ತವಾಗಿತ್ತು.

"ಹಣಿದು ಚೂಪ ಮಾಡಿಡ್ರಿ ಕಾಕಾ. ಸಂಜಿಕ ಒಯ್ತೇನಿ. ಇವತ್ತ ಇದು ಬೇಕಾಗತೈತಿ."

ಕಮ್ಮಾರ ಧೂಳಪ್ಪ ತಲೆಯಾಡಿಸಿದ. ಬಂದ ಕಬ್ಬಿಣವನ್ನು ಯಾಕೆಂದು ಕೇಳಬಾರದು, ಅದು ಅವನ ಕುಲುಮೆಯ ನೇಮ. ತಿದಿ ಊದುತ್ತಿದ್ದ ಕಾವೇರಿಗೆ ಮೈಯೆಲ್ಲ ಉರಿಯಿತು. ಐಟಿಐ ಓದುವ ಅವಳನ್ನು ಕೆಲಸ ಕಲಿಯಲೆಂದು ಒಂದು ತಿಂಗಳು ಮಸೂತಿ ಊರಿನ ಈ ಕುಲುಮೆಗೆ ಕಳಿಸಿದ್ದರು. ಕೊಲೆಗೆ ಕತ್ತಿ ಮಸೆಯುವುದನ್ನು ಕಲಿಯಲಿಕ್ಕಲ್ಲ!

ಧೂಳಪ್ಪ ಊಟಕ್ಕೆ ಹೋದದ್ದೇ ತಡ, ದುಂಡೇಶನ ಅಣ್ಣ ಮಾಳಿಂಗರಾಯ ಬಂದು ಹೊಸ್ತಿಲಲ್ಲಿ ಕುಸಿದು ಕುಳಿತ. ಬೆಳಿಗ್ಗೆ ಬದುವಿನ ಮೇಲೆ ಅಣ್ಣ ತಮ್ಮ ಬಡಿದಾಡಿದ್ದು ಊರಿಗೇ ಗೊತ್ತು. ಪುಣ್ಯಕ್ಕೆ ಇವನ ಮೈಮೇಲೆ ಒಂದು ಗೀರೂ ಇರಲಿಲ್ಲ.

"ತಂಗೀ, ಆ ಕೊಯ್ತಾ ನನ್ನ ಕುತಿಗಿಗೇ ಐತಿ," ಎಂದು ಗಳಗಳನೆ ಅತ್ತ. "ಸಣ್ಣ ಮಕ್ಕಳದಾವ ನನಗ."

ಕಾವೇರಿ ತಿದಿ ಬಿಟ್ಟು ಅವನ ಹತ್ತಿರ ಬಂದಳು.

"ಅಳಬ್ಯಾಡ್ರಿ ಅಣ್ಣಾರ. ಕೆಂಪಗ ಕಾಸಿ ನೀರಾಗ ಅದ್ದಿದ ಮ್ಯಾಲ ಇನ್ನೊಮ್ಮಿ ಸಣ್ಣಗ ಕಾಸಬೇಕ್ರಿ. ಅದನ್ನ ಬಿಟ್ರ ಕಬ್ಬಿಣ ಗಾಜಿನಂಗ ಆಗತೈತಿ. ಒಂದ ಪೆಟ್ಟಿಗಿ ಚೂರು."

"ಖರೇನ?"

"ಖರೇನ್ರಿ. ನಾನ ಮಾಡ್ತೇನಿ."

ಮಾಳಿಂಗರಾಯ ಕಣ್ಣೊರೆಸಿಕೊಂಡು, ಕೈಮುಗಿದು ಹೋದ.

ಧೂಳಪ್ಪ ಮರಳುವುದರೊಳಗೆ ಕಾವೇರಿ ಹಾಗೆಯೇ ಮಾಡಿದಳು. ಕಾಸಿದಳು, ಬಡಿದಳು, ನೀರಿಗದ್ದಿದಳು, ಅಲ್ಲಿಗೇ ಬಿಟ್ಟಳು. ಸಾಣೆ ಹಿಡಿದ ಮೇಲೆ ಬಾಯಿ ಫಳಫಳ ಹೊಳೆಯಿತು. ಗುಟ್ಟು ರಟ್ಟಾದರೆ ಕಲಿಕೆ ಮಣ್ಣುಪಾಲು. ಆಗಲಿ, ಒಂದು ಜೀವ ಉಳಿಯುತ್ತದಲ್ಲ!

ಸಂಜೆ ದುಂಡೇಶ ಬಂದ. ಹೆಬ್ಬೆರಳಿನಿಂದ ಅಲಗು ಮುಟ್ಟಿ ನೋಡಿದ.

"ಭೇಷ್ ತಂಗಿ. ಲಗೂನ ಹೋಗಬೇಕು, ಮನಿಯಾಗ ಹೇಣ್ತಿ ಒಬ್ಬಾಕಿನ ಅದಾಳ."

ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಚೀರಾಟ ಎದ್ದಿತು. ಕಾವೇರಿ ಓಡಿದಳು. ಕೊಯ್ತಾ ಮುರಿದಿರಲಿ ದೇವರೇ, ಮುರಿದಿರಲಿ!

ಮುರಿದಿತ್ತು. ದುಂಡೇಶನದೇ ಅಂಗಳದಲ್ಲಿ ಮೂರು ಚೂರಾಗಿ ಬಿದ್ದಿತ್ತು. ಪಕ್ಕದಲ್ಲಿ ದುಂಡೇಶ ತಲೆ ಸೀಳಿಸಿಕೊಂಡು ಬಿದ್ದಿದ್ದ. ಅವನ ಹೆಂಡತಿ ರುಕ್ಮವ್ವ ಎದೆ ಎದೆ ಬಡಿದುಕೊಳ್ಳುತ್ತಿದ್ದಳು.

"ಭಾವ ಕೊಡ್ಲಿ ಹಿಡಕೊಂಡು ನಕ್ಕೋತ ಒಳಗ ಬಂದ್ರಿ! 'ಎತ್ತೋ ತಮ್ಮಾ, ಎತ್ತು, ನಿನ್ನ ಕೈಯಾಗಿರೂದು ಗಾಜು' ಅಂದಾ!"