ವಾಯಿದೆ ಕೊಡದ ಕೋರ್ಟು

"ನೀಲವ್ವಾರ, ನೀವು ಗೆದ್ರಿ. ಜಾಗ ನಿಮ್ದಾತಂತ ಈಗಷ್ಟ ಫೋನಿಗೆ ತೀರ್ಪು ಬಂತು," ಎಂದ ಪ್ರತಿವಾದಿ ಫಕೀರಪ್ಪ.

ನೀಲವ್ವ ಕುದಿಯುತ್ತಿದ್ದ ಚಹಾ ಇಳಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು. "ಇಷ್ಟು ಲಗೂನ? ಇವತ್ತ ಮುಂಜಾನೆ ಅಲ್ಲೇನು ನಮ್ಮ ಕೇಸು ಯಂತ್ರದ ಕೋರ್ಟಿಗೆ ಹೋಗಿದ್ದು?"

"ಅದಕ್ಕೇನು ವಾಯಿದೆ ಗೊತ್ತೇನ್ರಿ? ಎಲ್ಲಾ ಓದ್ತು, ಹೇಳ್ತು, ಮುಗಿಸ್ತು."

ಹಳೆಯ ಕೋರ್ಟಿದ್ದಾಗ ಕೇಸು ಮುಂದೂಡಿ ಕೊಟ್ಟ ಪ್ರತಿ ವಾಯಿದೆಗೂ ಇಬ್ಬರೂ ತಂತಮ್ಮ ಊರಿನಿಂದ ಬಂದು ಅಂಗಳದ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಅವನು ಗಿರ್ಮಿಟ್ ಕೊಡಿಸುತ್ತಿದ್ದ. ಇವಳು ತಿನ್ನುತ್ತಲೇ ಅವನ ವಕೀಲನನ್ನು ಬೈಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳ ಜೊತೆ ಮನಸಾರೆ ಜಗಳವಾಡುತ್ತಿದ್ದವನು ಅವನೊಬ್ಬನೇ. ಇನ್ನು ಅಲ್ಲಿಗೆ ಹೋಗಲು ನೆಪವಿರಲಿಲ್ಲ.

"ಮ್ಯಾಲಿನ ಕೋರ್ಟಿಗೆ ಹೋಗ್ರಿ," ಎಂದಳು.

"ಅಲ್ಲೂ ಅದ ಯಂತ್ರ ಐತ್ರಿ. ಅರ್ಜಿ ಹಾಕೂ ಮೊದ್ಲ ಸೋಲ್ತಿ ಅಂತ ಹೇಳಿಬಿಡ್ತು."

ನೀಲವ್ವನಿಗೆ ಚಹಾ ಸೋಸುವ ಮನಸ್ಸಾಗಲಿಲ್ಲ. ಪಾತ್ರೆಗೆ ಮುಚ್ಚಳ ಮುಚ್ಚಿ ಕೇಳಿದಳು, "ರಾಜಿ ಆಗೂಣೇನು?"

"ಗೆದ್ದವ್ರು ಯಾರರ ರಾಜಿ ಆಗ್ತಾರೇನ್ರಿ? ತಲಿ ನೆಟ್ಟಗೈತಿಲ್ಲೋ?"

"ಅರ್ಧ ಜಾಗ ಬಿಡ್ತೀನಿ. ರಾಜಿ ಮಾತ್ರ ಯಂತ್ರಕ್ಕ ಮಾಡಾಕ ಬರಂಗಿಲ್ಲಂತ. ಇಬ್ರೂ ಎದುರಾಬದುರು ಕುಂತ ಮಾತಾಡಬೇಕಂತ."



"ನಾಳೆ ಮೊದಲನೇ ಬಸ್ಸಿಗೆ ಕೋರ್ಟಿನ ಬೆಂಚಿಗೆ ಬರ್ತೀನಿ," ಎಂದ ಫಕೀರಪ್ಪ.

"ಬರ್ರಿ. ಆದ್ರ ನಾಳೆನ ಒಪ್ಕೊಂಡುಬಿಡಬ್ಯಾಡ್ರಿ ಮತ್ತ."